ಆಡೋಕಾ, ಇಡೋಕಾ? ದಪ್ಪ ಡಿ20 ದಾಳದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ವರ್ಷದ ಹಿಂದೆ ಒಂದು ದಪ್ಪ ಡಿ20 ತಗೊಂಡೆ. ಅವತ್ತಿನಿಂದ ಆಟಕ್ಕೆ ಬಂದವರೂ ಕೇಳುತ್ತಾರೆ, ಗ್ಯಾಸ್ ಸಿಲಿಂಡರ್ ತಂದುಕೊಟ್ಟವರೂ ಕೇಳುತ್ತಾರೆ. ತಾವೂ ಒಂದು ಕೊಳ್ಳಬೇಕು ಅಂತ ಇರುವ ಗೆಳೆಯರು ಪತ್ರ ಬರೆದು ಕೇಳುತ್ತಾರೆ. ಒಬ್ಬೊಬ್ಬರಿಗೂ ಮತ್ತೆ ಮತ್ತೆ ಹೇಳಿ ಸಾಕಾಗಿ ಎಲ್ಲವನ್ನೂ ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳು ಆದಷ್ಟೂ ಕೇಳಿದವರ ಮಾತಿನಲ್ಲೇ ಇವೆ.

## ಏನೂ ಗೊತ್ತಿಲ್ಲದವರಿಗೆ

ಇದೇನೋ ಇದು? ಪೇಪರ್‌ವೇಟಾ?

ಅಮ್ಮ ಕೇಳಿದ ಮೊದಲ ಪ್ರಶ್ನೆ ಇದೇ. ಅಲ್ಲ, ದಾಳ. ಲೂಡೋ ದಾಳಕ್ಕೆ ಆರು ಮುಖ, ಇದಕ್ಕೆ ಇಪ್ಪತ್ತು. ಪ್ರತಿ ಮುಖವೂ ಒಂದೇ ಅಳತೆಯ ತ್ರಿಕೋನ. ಮೂವತ್ತು ಅಂಚು, ಹನ್ನೆರಡು ಮೂಲೆ. ಆಡುವವರು ಇದನ್ನು ಡಿ20 ಅನ್ನುತ್ತಾರೆ. ‘ಡಿ’ ಅಂದರೆ ದಾಳ, 20 ಅಂದರೆ ಮುಖಗಳ ಲೆಕ್ಕ.

ಮಾಮೂಲಿ ಡಿ20 ಸುಮಾರು 20 ಮಿ.ಮೀ. ಅಗಲ ಇರುತ್ತದೆ, ನೆಲ್ಲಿಕಾಯಿಗಿಂತ ಸಣ್ಣದು. ನನ್ನದು 55 ಮಿ.ಮೀ. ಹಾಗಾಗಿ ಅಮ್ಮನಿಗೆ ಪೇಪರ್‌ವೇಟ್ ಅನ್ನಿಸಿದ್ದರಲ್ಲಿ ತಪ್ಪೇನಿಲ್ಲ. ವಾರದಲ್ಲಿ ಆರು ದಿನ ಅದು ಕರೆಂಟ್ ಬಿಲ್ಲಿನ ಮೇಲೇ ಕೂತಿರುತ್ತದೆ.

ಆಟದಲ್ಲಿ ಇದರ ಕೆಲಸ ಏನು? ಚೌಕಾಬಾರದ ಕವಡೆ ತರಹವೇ ಅಲ್ವಾ?

ಹತ್ತಿರ ಹತ್ತಿರ. ಆದರೆ ಎರಡು ವ್ಯತ್ಯಾಸ ಇವೆ.

ಚೌಕಾಬಾರದಲ್ಲಿ ಗರ ಬಿದ್ದಷ್ಟು ಮನೆ ಕಾಯಿ ನಡೆಸುತ್ತೇವೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತರಹದ ಆಟಗಳಲ್ಲಿ ನಡೆಸುವುದಕ್ಕೆ ಕಾಯಿ ಇರಲೇಬೇಕು ಅಂತಿಲ್ಲ. ಆಟ ಅಂದರೆ ಎಲ್ಲರೂ ಕೂತು ಕಟ್ಟುವ ಕಥೆ. ನಡೆಸಿಕೊಡುವವನೊಬ್ಬ, ಅವನು ಡಂಜನ್ ಮಾಸ್ಟರ್. ಉಳಿದವರಿಗೆ ಒಂದೊಂದು ಪಾತ್ರ. ‘ಗೋಡೆ ಹತ್ತುತ್ತೇನೆ’ ಅಂತ ನಾನು ಅಂದರೆ, ಹತ್ತಿದೆನೋ ಬಿದ್ದೆನೋ ಅನ್ನುವುದನ್ನು ಡಿ20 ಹೇಳುತ್ತದೆ. ಬಿದ್ದ ಸಂಖ್ಯೆಗೆ ನನ್ನ ಪಾತ್ರದ ಬಲಾಬಲ ಕೂಡಿಸಿ ನೋಡುತ್ತಾರೆ. ಕತ್ತಿ ಬೀಸಿದಾಗ ನೇರವಾಗಿ 20 ಬಿದ್ದರೆ ಏಟು ತಪ್ಪುವ ಮಾತೇ ಇಲ್ಲ, ಪೆಟ್ಟೂ ಜಾಸ್ತಿ. 1 ಬಿದ್ದರೆ ಗಾಳಿಗೆ ಬೀಸಿದ ಹಾಗೆ.

ಇನ್ನೊಂದು, ಕವಡೆಯಲ್ಲಿ ಎಲ್ಲ ಗರವೂ ಸಮ ಅಲ್ಲ. ಎರಡು ಪದೇ ಪದೇ ಬೀಳುತ್ತದೆ, ಬಾರ ಬೀಳಬೇಕಾದರೆ ಕಾಯಬೇಕು. ಡಿ20ಯಲ್ಲಿ ಇಪ್ಪತ್ತಕ್ಕೂ ಒಂದೇ ಅವಕಾಶ, ನೂರಕ್ಕೆ ಐದು. ದಾಳ ನೆಟ್ಟಗಿದ್ದರೆ ಮಾತ್ರ. ಆ ಜಗಳ ಕೆಳಗೆ ಬರುತ್ತದೆ.

ಇಪ್ಪತ್ತು ಮುಖದ ದಾಳ ಅಮೆರಿಕದವರು ಕಂಡುಹಿಡಿದದ್ದಾ?

ಆಟ ಅವರದ್ದು, ದಾಳ ಅಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಈಜಿಪ್ಟಿನ ಇಪ್ಪತ್ತು ಮುಖದ ಕಲ್ಲಿನ ದಾಳಗಳಿವೆ. ಸಂಖ್ಯೆಯ ಜಾಗದಲ್ಲಿ ಗ್ರೀಕ್ ಅಕ್ಷರ. ಈಜಿಪ್ಟನ್ನು ಆಳಿದ ಗ್ರೀಕ್ ಮನೆತನದ ಟಾಲೆಮಿಗಳ ಕಾಲದಿಂದ ರೋಮನ್ನರ ಕಾಲದ ಒಳಗಿನವು ಅವು.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂದದ್ದು 1974ರಲ್ಲಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಕಟ್ಟಿದ ಆಟ. ಇಂಥ ದಾಳ ಗೈಗ್ಯಾಕ್ಸ್‌ಗೆ ಸಿಕ್ಕಿದ್ದು ಶಾಲೆಗಳಿಗೆ ಕಲಿಕೆ ಸಾಮಾನು ಮಾರುವವರ ಪಟ್ಟಿಯಲ್ಲಿ. ಆಗಿನ ಇಪ್ಪತ್ತು ಮುಖದ ದಾಳದಲ್ಲಿ 1ರಿಂದ 20 ಇರಲಿಲ್ಲ, 0ಯಿಂದ 9 ಎರಡೆರಡು ಸಲ ಇರುತ್ತಿತ್ತು. ಪ್ಲಾಸ್ಟಿಕ್ ಎಷ್ಟು ಮೆತ್ತಗೆ ಅಂದರೆ ಆಡ್ತಾ ಆಡ್ತಾ ಅಂಚು ಸವೆದು ಗೋಲಿ ಆಗಿಬಿಡುತ್ತಿದ್ದವು. 1979ರಲ್ಲಿ ದಾಳವೇ ಸಾಲದೆ ಬಂದು, ಆಟದ ಡಬ್ಬಿಯಲ್ಲಿ ಸಂಖ್ಯೆ ಬರೆದ ರಟ್ಟಿನ ಚೂರು ಹಾಕಿ ಮಾರಿದರು. ಅದನ್ನೆಲ್ಲ ಎಣಿಸಿದರೆ ಇವತ್ತಿನ ನಮ್ಮದು ಶೋಕಿಯೇ ಸರಿ.

## ಕೊಳ್ಳುವ ಮುಂಚೆ

55 ಮಿ.ಮೀ. ಅಂದ್ರೆ ಎಷ್ಟು ದಪ್ಪ? ಫೋಟೋದಲ್ಲಿ ಗೊತ್ತೇ ಆಗ್ತಿಲ್ಲ.

ಸಣ್ಣ ಮೋಸಂಬಿಯಷ್ಟು. ಅಂಗೈ ತುಂಬುತ್ತದೆ, ಬೆರಳು ಪೂರ್ತಿ ಮುಚ್ಚುವುದಿಲ್ಲ.

ಅಗಲಕ್ಕಿಂತ ತೂಕ ನೋಡಿ. ಜನ ಎಡವುವುದೇ ಇಲ್ಲಿ. ಅಗಲ ಎರಡು ಪಟ್ಟಾದರೆ ತೂಕ ಎರಡು ಪಟ್ಟಲ್ಲ, ಎಂಟು ಪಟ್ಟು. 20 ಮಿ.ಮೀ. ರೆಸಿನ್ (ಅಚ್ಚಿಗೆ ಎರೆದು ಗಟ್ಟಿಮಾಡುವ ಪ್ಲಾಸ್ಟಿಕ್) ದಾಳ ಸುಮಾರು 6 ಗ್ರಾಂ. 55 ಮಿ.ಮೀ. ಆದರೆ 120 ಗ್ರಾಂ ದಾಟುತ್ತದೆ, ಇಪ್ಪತ್ತು ಮಾಮೂಲಿ ದಾಳ ಒಟ್ಟಿಗೆ ಹಿಡಿದ ಹಾಗೆ. 100 ಮಿ.ಮೀ. ಗಟ್ಟಿ ರೆಸಿನ್ ಆದರೆ ಹತ್ತಿರ ಹತ್ತಿರ ಮುಕ್ಕಾಲು ಕೆ.ಜಿ. ಅದನ್ನು ಟೇಬಲ್ ಮೇಲೆ ಎಸೆಯುವುದು ಅಂದರೆ ಕುಟ್ಟಾಣಿ ಎಸೆದ ಹಾಗೆ.

ಅಳತೆ ಎಲ್ಲಿಂದ ಎಲ್ಲಿಗೆ ಅಂತಲೂ ಕೇಳಿ. ಮುಖದಿಂದ ಎದುರು ಮುಖಕ್ಕೆ ಅಳೆದರೆ ಒಂದು ಲೆಕ್ಕ, ಮೂಲೆಯಿಂದ ಎದುರು ಮೂಲೆಗೆ ಅಳೆದರೆ ಇನ್ನೊಂದು. ಮೂಲೆ ಲೆಕ್ಕ ಸುಮಾರು ಕಾಲು ಭಾಗ ಜಾಸ್ತಿ ಬರುತ್ತದೆ. ಮಾರುವವರಿಗೆ ಯಾವುದು ಇಷ್ಟ ಅಂತ ಹೇಳಬೇಕಾಗಿಲ್ಲ.

ರೆಸಿನ್, ಲೋಹ, ಫೋಮ್... ಯಾವುದು ತಗೊಳ್ಳಲಿ?

ಇಡೋಕೆ ರೆಸಿನ್. ಒಳಗೆ ಹೂವು, ಚಿನ್ನದ ಹಾಳೆಯ ಚೂರು, ಬಣ್ಣದ ಸುಳಿ, ಏನು ಬೇಕಾದರೂ ಇರುತ್ತದೆ. ಅದಕ್ಕೇ ದುಡ್ಡು ಕೊಡುವುದು.

ಎಸೆಯೋಕೆ ಫೋಮ್. ನೋಡೋಕೆ ಸಪ್ಪೆ, ಆದರೆ ಸದ್ದಿಲ್ಲ, ಏನೂ ಒಡೆಯುವುದಿಲ್ಲ. ಮಕ್ಕಳಿರುವ ಮನೆಗೆ ಇದೇ ಸರಿ.

ಲೋಹ ಬೇಡ ಅಂತ ನನ್ನ ಸಲಹೆ. ಸತುವಿನ ಮಿಶ್ರಲೋಹದಲ್ಲಿ 55 ಮಿ.ಮೀ. ಗಟ್ಟಿ ದಾಳ 700 ಗ್ರಾಂ ಹತ್ತಿರ ಬರುತ್ತದೆ. ಒಳಗೆ ಟೊಳ್ಳು ಬಿಟ್ಟು ಮಾಡಿದವೂ ಇವೆ, ಅವು ಹಗುರ. ಗಟ್ಟಿಯದ್ದು ಕಾಲ ಮೇಲೆ ಬಿದ್ದರೆ ಆಟ ಅಲ್ಲಿಗೇ ಮುಗಿಯಿತು.

ಚನ್ನಪಟ್ಟಣದಲ್ಲಿ ಮಾಡಿಸಬಹುದಲ್ವಾ? ಬಣ್ಣ ಎಷ್ಟು ಚೆನ್ನಾಗಿರತ್ತೆ!

ನನಗೂ ಇದೇ ಆಸೆ ಇತ್ತು. ತೊಡಕು ಎಲ್ಲಿ ಅಂದರೆ, ಚನ್ನಪಟ್ಟಣದ ಗೊಂಬೆ ಕೆಲಸ ಕಡೆಯುವ ಕೆಲಸ. ಹಾಲೆ ಮರದ ತುಂಡು ಗರಗರ ತಿರುಗುತ್ತಿರುತ್ತದೆ, ಉಳಿ ಹಿಡಿದು ಕಡೆಯುತ್ತಾರೆ, ಅದು ತಿರುಗುವಾಗಲೇ ಅರಗು ಒತ್ತಿ ಬಣ್ಣ ಹಿಡಿಸುತ್ತಾರೆ. ಗುಂಡಗಿನ ಸಾಮಾನಿಗೆ ಹೇಳಿಮಾಡಿಸಿದ ಕೆಲಸ ಅದು. ಇಪ್ಪತ್ತು ಚಪ್ಪಟೆ ಮುಖ ಹಾಗೆ ಬರುವುದಿಲ್ಲ, ಒಂದೊಂದನ್ನೂ ಬೇರೆಯಾಗಿ ಕೊಯ್ಯಬೇಕು. ದಾಳ ಇಡುವ ಮುಚ್ಚಳದ ಡಬ್ಬಿ ಮಾಡಿಸಿ, ಅದು ಸೊಗಸಾಗಿ ಬರುತ್ತದೆ. ನಾನು ಮಾಡಿಸಿದ್ದು ಅದನ್ನೇ.

ನಿಮ್ಮದು ನಿಜಕ್ಕೂ ಹೇಗಿದೆ? ಸುತ್ತಿ ಬಳಸಿ ಹೇಳಬೇಡಿ.

ಸರಿ. ಕಡುನೀಲಿ ರೆಸಿನ್, ಒಳಗೆ ಹೊಗೆಯ ಹಾಗೆ ಬಿಳಿ ಸುಳಿ, ಅಲ್ಲಲ್ಲಿ ಚಿನ್ನದ ಚೂರು. ಅಂಚು ಚೂಪು. ಸಂಖ್ಯೆಗಳಿಗೆ ಚಿನ್ನದ ಬಣ್ಣ. ಅಡುಗೆಮನೆ ತಕ್ಕಡಿಯಲ್ಲಿ 120 ಗ್ರಾಂ ತೋರಿಸಿತು.

ಚೆನ್ನಾಗಿರುವುದು ಮೊದಲು. ಬೆಳಗ್ಗೆ ಎಂಟು ಗಂಟೆಗೆ ಕಿಟಕಿ ಬೆಳಕು ಓರೆಯಾಗಿ ಬಿದ್ದಾಗ ಒಳಗಿನ ಸುಳಿ ಎದ್ದು ಬಂದ ಹಾಗೆ ಕಾಣುತ್ತದೆ. ಕೈಯಲ್ಲಿ ಹಿಡಿದರೆ ತಣ್ಣಗೆ, ತೂಕವಾಗಿ ಇರುತ್ತದೆ. ಸುಮ್ನೆ ಹಿಡಿದು ತಿರುಗಿಸುತ್ತಾ ಫೋನಿನಲ್ಲಿ ಮಾತಾಡೋಕೆ ಬಹಳ ಹಿತ. ಸಂಖ್ಯೆ ಟೇಬಲ್ಲಿನ ಆ ತುದಿಯಲ್ಲಿ ಕೂತವರಿಗೂ ಕಾಣುತ್ತದೆ. ಕನ್ನಡಕ ಮರೆತು ಬರುವ ನಮ್ಮ ಡಂಜನ್ ಮಾಸ್ಟರಿಗೆ ಇದೊಂದೇ ಸಾಕು.

ಈಗ ತಪ್ಪುಗಳು. 7ರ ಮುಖದ ಕೆಳಗೆ ಸಾಸಿವೆ ಕಾಳಿನಷ್ಟು ಒಂದು ಗಾಳಿಗುಳ್ಳೆ ಇದೆ. ಮಾರಿದವರ ಫೋಟೋದಲ್ಲಿ ಆ ಮುಖವೇ ಇರಲಿಲ್ಲ. 14ರ ನಾಲ್ಕಕ್ಕೆ ಬಣ್ಣ ಪೂರ್ತಿ ತುಂಬಿರಲಿಲ್ಲ. ಒಂದು ಅಂಚಿನಲ್ಲಿ ಅಚ್ಚಿನ ಗೆರೆ ಉಳಿದಿತ್ತು, ಉಗುರು ಆಡಿಸಿದರೆ ತಟ್ಟುತ್ತದೆ. ಇವೆಲ್ಲ ಸಹಿಸಿಕೊಂಡೆ. ಸಹಿಸಲಾಗದ್ದು ಡಬ್ಬಿ. ತೆಳು ರಟ್ಟು, ಒಳಗೆ ಒಂದು ಹಾಳೆ ಬಬಲ್ ರ‍್ಯಾಪ್, ಅಷ್ಟೇ. ಮೂಲೆಯೊಂದು ಮೊದಲೇ ಚಕ್ಕೆ ಎದ್ದು ಬಂತು. ಬದಲಿ ಕೇಳಿದೆ, ‘ಕೈಕೆಲಸ ಸಾರ್, ಹೀಗೇ ಇರತ್ತೆ’ ಅಂದರು. ಕೈಕೆಲಸ ಇರಬಹುದು, ಚಕ್ಕೆ ಏಳುವುದು ಕೈಕೆಲಸ ಅಲ್ವಲ್ಲ.

ಒಟ್ಟಾರೆ? ಷೋಕೇಸಿನ ವಸ್ತು ಅಂತ ನೋಡಿದರೆ ಹತ್ತಕ್ಕೆ ಎಂಟು ಕೊಡುತ್ತೇನೆ. ದಾಳ ಅಂತ ನೋಡಿದರೆ ಐದು, ಅದೂ ಪ್ರೀತಿಯಿಂದ.

ನನಗೆ ಬಂದದ್ದರಲ್ಲಿ 20ರ ಪಕ್ಕದಲ್ಲೇ 19, ಅದರ ಪಕ್ಕ 18 ಇದೆ. ಮೋಸ ಹೋದ್ನಾ?

ಮೋಸ ಅಲ್ಲ, ಜಾತಿ ಬೇರೆ. ಅದನ್ನು ಸ್ಪಿನ್‌ಡೌನ್ ಅನ್ನುತ್ತಾರೆ. ಮ್ಯಾಜಿಕ್: ದ ಗ್ಯಾದರಿಂಗ್ ಅನ್ನುವ ಇಸ್ಪೀಟಿನಂಥ ಆಟದಲ್ಲಿ ಆಟಗಾರನಿಗೆ 20 ಜೀವ. ಪೆಟ್ಟು ತಿಂದ ಹಾಗೆ 19, 18, 17 ಅಂತ ದಾಳ ಹೊರಳಿಸುತ್ತಾ ಲೆಕ್ಕ ಇಡಬೇಕು. ಅದಕ್ಕೇ ಸಂಖ್ಯೆಗಳು ಸಾಲಾಗಿ ಇರುತ್ತವೆ.

ಎಸೆಯುವ ದಾಳದಲ್ಲಿ ದೊಡ್ಡ ಸಂಖ್ಯೆ, ಸಣ್ಣ ಸಂಖ್ಯೆ ಬೆರೆತಿರಬೇಕು. ಸಾಮಾನ್ಯವಾಗಿ 20ಕ್ಕೆ ಅಂಟಿಕೊಂಡ ಮೂರು ಮುಖ 2, 8, 14. ಕೊಳ್ಳುವಾಗ ಫೋಟೋದಲ್ಲಿ 20 ಹುಡುಕಿ ಅದರ ಪಕ್ಕ ನೋಡಿ, ಎರಡು ಸೆಕೆಂಡಿನ ಕೆಲಸ. ಸ್ಪಿನ್‌ಡೌನಿನಲ್ಲಿ ದೊಡ್ಡ ಸಂಖ್ಯೆಗಳೆಲ್ಲ ಒಂದೇ ಕಡೆ ಗುಂಪಾಗಿರುವುದರಿಂದ, ಆ ಕಡೆ ಮೇಲಿಟ್ಟು ಮೆತ್ತಗೆ ಜಾರಿಸುವ ಚಾಲಾಕಿಗಳಿಗೆ ಅನುಕೂಲ. ದಪ್ಪ ದಾಳ ಉರುಳುವುದೇ ಕಡಿಮೆ, ಅದರಲ್ಲಿ ಇನ್ನೂ ಸುಲಭ. ಷೋಕೇಸಿಗೆ ಆದರೆ ಚಿಂತೆ ಬಿಡಿ.

## ಮನೆಗೆ ಬಂದ ಮೇಲೆ

ಟೇಬಲ್ ಹಾಳಾಗಲ್ವಾ?

ಆಗುತ್ತದೆ. ನಮ್ಮ ತೇಗದ ಊಟದ ಟೇಬಲ್ಲಿನಲ್ಲಿ ಅಕ್ಕಿಕಾಳಿನಷ್ಟು ಒಂದು ಗುಳಿ ಇದೆ. ಮೊದಲ ದಿನ, ಮೊದಲ ಎಸೆತ. ಬಿದ್ದದ್ದು 3. ಅಮ್ಮ ಒಳಗಿನಿಂದ ಬಂದು ನೋಡಿ, ಬೆರಳಿನಿಂದ ಆ ಗುಳಿ ಸವರಿ, ‘ಇನ್ನು ಮೇಲೆ ನೆಲದ ಮೇಲೆ ಕೂತು ಆಡ್ಕೊಳ್ಳಿ ಕಣೋ’ ಅಂದರು. ಅದು ಒಳ್ಳೆಯ ಸಲಹೆ ಆಯಿತು.

ಮಾಮೂಲಿ ದಾಳಕ್ಕೆ ಮಾರುವ ತಟ್ಟೆ ಇದಕ್ಕೆ ಸಾಲುವುದಿಲ್ಲ, ಗೋಡೆಗೆ ಬಡಿದು ಆಚೆ ಹಾರುತ್ತದೆ. ದಾಳ ಮೇಲಿಂದ ಬಿಡುವ ಗೋಪುರ ಇರುತ್ತದಲ್ಲ, ಅದರ ಬಾಯಿಗೆ ಇದು ತೂರುವುದೇ ಇಲ್ಲ. ಏನೇನೋ ಹಾಸಿ ನೋಡಿದೆ. ಚಾಪೆಯ ಮೇಲೆ ಜಾರುತ್ತದೆ. ದಪ್ಪ ಕಂಬಳಿಯ ಮೇಲೆ ಓರೆಯಾಗಿ ನಿಂತುಬಿಡುತ್ತದೆ, 12 ಅಂತಲೋ 15 ಅಂತಲೋ ಜಗಳ. ಸರಿಹೋದದ್ದು ಎರಡು ಮಡಿಕೆ ಜಮಖಾನ. ಸದ್ದೂ ಕಡಿಮೆ, ಉರುಳುವುದೂ ಉರುಳುತ್ತದೆ. ನಾಲ್ಕೂ ಕಡೆ ಎರಡೆರಡು ಅಡಿ ಜಾಗ ಬಿಡಿ. ಅಪಾರ್ಟ್‌ಮೆಂಟಿನಲ್ಲಿ ಇದ್ದರೆ ರಾತ್ರಿ ಹತ್ತರ ಮೇಲೆ ಸಣ್ಣ ದಾಳ ತೆಗೆಯಿರಿ, ಕೆಳಗಿನ ಮನೆಯವರಿಗೆ ಡ್ರ್ಯಾಗನ್ ಗೊತ್ತಿಲ್ಲ.

6 ಯಾವುದು, 9 ಯಾವುದು? ಕೆಳಗೆ ಗೆರೆಯೇ ಇಲ್ಲ.

ಎದುರು ಮುಖ ನೋಡಿ. ಸಾಮಾನ್ಯವಾಗಿ ಎದುರುಬದುರು ಮುಖಗಳ ಮೊತ್ತ 21. ಹಿಂದೆ 15 ಇದ್ದರೆ ಅದು 6, ಹಿಂದೆ 12 ಇದ್ದರೆ ಅದು 9. ಒಂದು ಚುಕ್ಕೆ ಬಣ್ಣ ಹಚ್ಚಿ ಗುರುತು ಮಾಡಿಬಿಡಿ.

ಸಂಖ್ಯೆಯ ಬಣ್ಣ ಉದುರಿ ಹೋಗ್ತಿದೆ. ಏನು ಮಾಡ್ಲಿ?

ಮಕ್ಕಳು ಚಿತ್ರಕ್ಕೆ ಬಳಸುವ ಅಕ್ರಿಲಿಕ್ ಬಣ್ಣ ಸಾಕು. ಸಣ್ಣ ಬ್ರಷ್ಷಿನಿಂದ ಅಕ್ಷರದ ಗುಂಡಿ ತುಂಬಿಸಿ, ಅರ್ಧ ನಿಮಿಷ ಬಿಟ್ಟು, ಸ್ವಲ್ಪ ಒದ್ದೆ ಮಾಡಿದ ಬಟ್ಟೆಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿ ಮುಖದ ಮೇಲೆ ಒಂದೇ ಕಡೆಗೆ ಒರೆಸಿ. ಮೇಲಿನದ್ದು ಹೋಗುತ್ತದೆ, ಗುಂಡಿಯಲ್ಲಿರುವುದು ಉಳಿಯುತ್ತದೆ. ಹಳೆಯ ಕಾಲದ ಡಬ್ಬಿಗಳಲ್ಲಿ ದಾಳದ ಜೊತೆ ಮೇಣದ ಕ್ರೇಯಾನ್ ಕೊಡುತ್ತಿದ್ದರು, ಕೊಂಡವರೇ ಉಜ್ಜಿ ಸಂಖ್ಯೆಗೆ ಬಣ್ಣ ತುಂಬಿಕೊಳ್ಳಬೇಕಿತ್ತು. ಹಾಗಾಗಿ ಇದು ಹೊಸ ಕೆಲಸ ಏನಲ್ಲ.

ನೇಲ್ ಪಾಲಿಶ್ ರಿಮೂವರ್ ಮಾತ್ರ ಹಚ್ಚಬೇಡಿ. ಬಣ್ಣದ ಜೊತೆ ದಾಳದ ಹೊಳಪೂ ಹೋಗುತ್ತದೆ. ಕೊಳೆ ತೆಗೆಯೋಕೆ ಉಗುರುಬೆಚ್ಚಗಿನ ನೀರು, ಒಂದು ತೊಟ್ಟು ಸೋಪು ಸಾಕು.

ಕಿಟಕಿ ಹತ್ತಿರ ಇಡಬಹುದಾ?

ಬೆಳಕಲ್ಲಿ ಚೆನ್ನಾಗಿ ಕಾಣುತ್ತದೆ ನಿಜ. ಆದರೆ ದಿನವೂ ಬಿಸಿಲು ಬಿದ್ದರೆ ರೆಸಿನ್ ಹಳದಿಗೆ ತಿರುಗುತ್ತದೆ. ಪಾರದರ್ಶಕವಾದದ್ದರಲ್ಲಿ ಬೇಗ ಗೊತ್ತಾಗುತ್ತದೆ. ನೆಂಟರು ಬಂದಾಗ ಕಿಟಕಿಗೆ, ಆಮೇಲೆ ಒಳಕ್ಕೆ.

ಲೈಟ್ ಹತ್ತುವುದು ಸಿಗತ್ತಲ್ಲ, ಮಗಳಿಗೆ ಕೊಡ್ಲಾ?

ಬ್ಯಾಟರಿ ಹೇಗೆ ಕೂರಿಸಿದ್ದಾರೆ ನೋಡಿ. ಇಂಥವುಗಳಲ್ಲಿ ಗುಂಡಿಯಷ್ಟು ಸಣ್ಣ ಬ್ಯಾಟರಿ ಇರುತ್ತದೆ. ಮಗು ನುಂಗಿದರೆ ಕೆಲವೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗುವಷ್ಟು ಅಪಾಯ ಅದು. ಸ್ಕ್ರೂ ಹಾಕಿ ಮುಚ್ಚಿದ್ದರೆ ಮಾತ್ರ ಯೋಚನೆ ಮಾಡಿ. ಉಗುರಿನಿಂದ ತೆಗೆಯಲು ಬರುವ ಮುಚ್ಚಳ ಇದ್ದರೆ ಬೇಡವೇ ಬೇಡ.

## ಸ್ವಲ್ಪ ತಲೆ ಕೆಡಿಸಿಕೊಳ್ಳುವವರಿಗೆ

ಉಪ್ಪುನೀರಿನಲ್ಲಿ ತೇಲಿಸಿದರೆ ದಾಳ ಸರಿ ಇದೆಯೋ ಇಲ್ಲವೋ ಗೊತ್ತಾಗತ್ತಂತೆ, ನಿಜವಾ?

ಅರ್ಧ ನಿಜ. ರೆಸಿನ್ ಬರೀ ನೀರಿನಲ್ಲಿ ಮುಳುಗುತ್ತದೆ. ಕರಗುವಷ್ಟೂ ಉಪ್ಪು ಕರಗಿಸಿದರೆ ನೀರು ರೆಸಿನ್ನಿಗಿಂತ ಭಾರವಾಗಿ ದಾಳ ತೇಲುತ್ತದೆ. 100 ಮಿ.ಲೀ. ನೀರಿಗೆ ಸುಮಾರು 36 ಗ್ರಾಂ ಉಪ್ಪು ಹಿಡಿಯುತ್ತದೆ. ದಪ್ಪ ದಾಳ ಹೊರಳಾಡಬೇಕಾದರೆ ಎರಡು ಲೀಟರ್ ನೀರಾದರೂ ಬೇಕು, ಅಂದರೆ 700 ಗ್ರಾಂ ಉಪ್ಪು. ನಾನು ಸಾರಿನ ಪಾತ್ರೆಯಲ್ಲಿ ಮಾಡಿದೆ. ಉಪ್ಪಿನ ಡಬ್ಬಿ ಖಾಲಿಯಾದದ್ದು ಮಾರನೆಯ ದಿನ ಬೆಳಗ್ಗೆ ಗೊತ್ತಾಯಿತು, ಅದರ ಕಥೆ ಬೇಡ.

ಬೆರಳಿನಿಂದ ತಟ್ಟಿ ಹೊರಳಿಸಿ, ನಿಂತಾಗ ಮೇಲೆ ಯಾವ ಸಂಖ್ಯೆ ಅಂತ ನೋಡಬೇಕು. ನನ್ನದು ಹತ್ತು ಸಲ ತಟ್ಟಿದರೆ ಏಳೆಂಟು ಸಲ 7 ಅಥವಾ ಅದರ ಪಕ್ಕದ ಮುಖಕ್ಕೇ ಬಂತು. ಆ ಸಾಸಿವೆ ಕಾಳಿನ ಗುಳ್ಳೆ! ಗಾಳಿ ಇರುವ ಕಡೆ ಹಗುರ, ಹಗುರ ಕಡೆ ಮೇಲೆ.

ಆದರೆ ಇದರಿಂದ ದಾಳ ಕೆಟ್ಟದ್ದು ಅಂತ ತೀರ್ಮಾನಿಸಬೇಡಿ. ನೀರಿನಲ್ಲಿ ದಾಳಕ್ಕೆ ತಡೆಯೇ ಇಲ್ಲ. ಕೂದಲೆಳೆಯಷ್ಟು ಭಾರದ ವ್ಯತ್ಯಾಸ ಇದ್ದರೂ ನಿಧಾನವಾಗಿ ತಿರುಗಿ ನಿಲ್ಲುತ್ತದೆ. ಜಮಖಾನದ ಮೇಲೆ ದಾಳ ಕುಪ್ಪಳಿಸಿ ಮುಗ್ಗರಿಸಿ ನಿಲ್ಲುವಾಗ ಅಷ್ಟು ಸಣ್ಣ ವ್ಯತ್ಯಾಸದ ಮಾತು ಅಷ್ಟಾಗಿ ನಡೆಯುವುದಿಲ್ಲ. ತೇಲಿಸುವುದು ಗುಳ್ಳೆ ಹುಡುಕೋಕೆ ಒಳ್ಳೆಯದು, ತೀರ್ಪು ಕೊಡೋಕೆ ಅಲ್ಲ.

ನೂರು ಸಲ ಎಸೆದು ಬರೆದಿಟ್ಟೆ. 17 ಒಂಬತ್ತು ಸಲ ಬಂದಿದೆ, 4 ಎರಡೇ ಸಲ. ದಾಳ ಸೊಟ್ಟ ಇದೆ ಅಲ್ವಾ?

ಹಾಗೆ ಹೇಳೋಕೆ ಬರುವುದಿಲ್ಲ. ನೂರು ಎಸೆತಕ್ಕೆ ಒಂದೊಂದು ಮುಖ ಸರಾಸರಿ ಐದು ಸಲ ಬರಬೇಕು. ನೆಟ್ಟಗಿರುವ ದಾಳದಲ್ಲೂ ಒಂದು ಮುಖ ಎರಡು ಸಲ, ಇನ್ನೊಂದು ಒಂಬತ್ತು ಸಲ ಬರುವುದು ಮಾಮೂಲಿ.

ಲೆಕ್ಕ ಮಾಡಲೇಬೇಕು ಅನ್ನುವವರಿಗೆ ಒಂದು ದಾರಿ ಇದೆ. ಪ್ರತಿ ಮುಖ ಬಂದ ಲೆಕ್ಕದಿಂದ 5 ಕಳೆಯಿರಿ, ಬಂದದ್ದನ್ನು ಅದರಿಂದಲೇ ಗುಣಿಸಿ, 5ರಿಂದ ಭಾಗಿಸಿ. ಇಪ್ಪತ್ತು ಮುಖದ್ದನ್ನೂ ಕೂಡಿಸಿ. ಮೊತ್ತ 30 ದಾಟಿದರೆ ಅನುಮಾನ ಪಡಬಹುದು. ಕಾಲೇಜಿನಲ್ಲಿ ಕೈ-ಸ್ಕ್ವೇರ್ ಅಂತ ಓದಿದ್ದು ಇದೇ. ತಮಾಷೆ ಏನು ಗೊತ್ತಾ? ನೆಟ್ಟಗಿರುವ ದಾಳವೂ ಸುಮಾರು ಇಪ್ಪತ್ತರಲ್ಲಿ ಒಂದು ಸಲ ಈ ಪರೀಕ್ಷೆಯಲ್ಲಿ ಫೇಲ್ ಆಗುತ್ತದೆ. ಅಂದರೆ 1 ಬಿದ್ದ ಹಾಗೆ. ಅದಕ್ಕೇ ಸಾವಿರ ಸಲ ಎಸೆದರೆ ಒಳ್ಳೆಯದು, ಆಗ 5ರ ಜಾಗದಲ್ಲಿ 50 ಇಡಬೇಕು. 120 ಗ್ರಾಮಿನ ದಾಳವನ್ನು ಸಾವಿರ ಸಲ ಎಸೆಯುವ ಮುಂಚೆ ನಿಮ್ಮ ಭುಜವನ್ನೂ ಒಂದು ಮಾತು ಕೇಳಿ.

ದಪ್ಪ ಆದಷ್ಟೂ ನಿಖರ ಅಲ್ವಾ? ಸಣ್ಣ ತಪ್ಪು ಗೊತ್ತಾಗಲ್ಲ.

ಅಚ್ಚಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದರೆ ದಪ್ಪ ದಾಳದಲ್ಲಿ ಅದರ ಪಾಲು ಕಡಿಮೆ, ಅದು ಸರಿ. ಆದರೆ ದಪ್ಪದ್ದನ್ನು ಎರೆಯುವಾಗ ಗುಳ್ಳೆ ಸೇರಿಕೊಳ್ಳೋಕೆ, ಚಿನ್ನದ ಚೂರು ಒಂದೇ ಕಡೆ ಇಳಿದು ಕೂರೋಕೆ ಜಾಗವೂ ಜಾಸ್ತಿ. ಅಂದ ಹೆಚ್ಚಿದಷ್ಟೂ ಸಮತೋಲ ಕೆಡುವ ಸಾಮಾನು ಇದು.

ಅಂಚಿನ ಜಗಳ ಬೇರೆ ಇದೆ. ಗೇಮ್‌ಸೈನ್ಸ್ ಕಂಪನಿಯ ಲೂ ಜಾಕಿ ಇದರ ಬಗ್ಗೆ ವರ್ಷಗಟ್ಟಲೆ ವಾದಿಸಿದವರು. ಕಾರ್ಖಾನೆಯಲ್ಲಿ ದಾಳಗಳನ್ನು ಪೀಪಾಯಿಗೆ ಹಾಕಿ ತಿರುಗಿಸಿ ಹೊಳಪು ಕೊಡುವಾಗ ಅಂಚು ಒಂದೊಂದು ಕಡೆ ಒಂದೊಂದು ತರಹ ಸವೆಯುತ್ತದೆ, ದಾಳ ಮೊಟ್ಟೆಯ ಹಾಗಾಗುತ್ತದೆ ಅನ್ನುವುದು ಅವರ ವಾದ. ಅದಕ್ಕೇ ಅವರು ಚೂಪು ಅಂಚಿನ ದಾಳ ಮಾರಿದರು. 1985ರಲ್ಲಿ ಅವರೇ ನೂರು ಮುಖದ ದಾಳ ತಂದರು, ಗಾಲ್ಫ್ ಚೆಂಡಿನಂತೆ ಗುಂಡಗೆ. ಅದು ಎಸೆದರೆ ನಿಲ್ಲದೆ ಉರುಳುತ್ತದೆ ಅಂತ ಒಳಗೆ ಸಡಿಲವಾದ ಚೂರುಗಳನ್ನು ತುಂಬಿದ್ದರು. ನಮ್ಮ ದಪ್ಪ ಡಿ20ಯ ಕಷ್ಟ ಅದಕ್ಕೆ ಉಲ್ಟಾ. ಚೂಪು ಅಂಚು, ಜಾಸ್ತಿ ತೂಕ, ಎರಡು ಮಗ್ಗುಲು ಹೊರಳಿ ದಬ್ ಅಂತ ಕೂತುಬಿಡುತ್ತದೆ. ಹಾಗಾಗಿ ನಮ್ಮಲ್ಲಿ ಒಂದು ನಿಯಮ: ಕೈಯೊಳಗೆ ಮೊದಲು ತಿರುಗಿಸಬೇಕು, ಆಮೇಲೆ ಕನಿಷ್ಠ ಮೂರು ಮಗ್ಗುಲು ಹೊರಳಬೇಕು. ಇಲ್ಲದಿದ್ದರೆ ಮತ್ತೆ ಎಸೆತ.

ಅಡ್ವಾಂಟೇಜ್ ಬಂದ್ರೆ ಏನ್ ಮಾಡ್ತೀರಾ? ಎರಡು ದಪ್ಪ ದಾಳ ಬೇಕಾ?

ಅಡ್ವಾಂಟೇಜ್ ಅಂದರೆ ಎರಡು ಡಿ20 ಎಸೆದು ದೊಡ್ಡದನ್ನು ಇಟ್ಟುಕೊಳ್ಳುವುದು. 20 ಬೀಳುವ ಅವಕಾಶ ನೂರಕ್ಕೆ 5 ಇದ್ದದ್ದು 9.75 ಆಗುತ್ತದೆ. ಎರಡು ದಪ್ಪ ದಾಳ ಒಟ್ಟಿಗೆ ಎಸೆಯಬೇಡಿ, ಒಂದಕ್ಕೊಂದು ಬಡಿದರೆ ಮೂಲೆ ಹಾರುತ್ತದೆ. ಒಂದನ್ನೇ ಎರಡು ಸಲ ಎಸೆಯಿರಿ. ನನಗೆ ಕೇಳಿದರೆ ಇದೇ ಚೆನ್ನ. ಮೊದಲನೆಯದು ಬಿದ್ದ ಮೇಲೆ ಎರಡನೆಯದಕ್ಕೆ ಕೈ ಎತ್ತುವಾಗ ಎಲ್ಲರೂ ಉಸಿರು ಹಿಡಿದಿರುತ್ತಾರೆ.

ಐದು ಕೊಟ್ಟಿದ್ದೀರಿ, ಆದರೂ ಆಟಕ್ಕೆ ತರ್ತೀರಲ್ಲ. ಯಾವಾಗ ಎಸೀತೀರಾ?

ಒಂದು ಸೆಷನ್ನಿಗೆ ಒಂದೇ ಸಲ. ಯಾವಾಗ ಅಂತ ಡಂಜನ್ ಮಾಸ್ಟರ್ ಹೇಳುತ್ತಾನೆ. ಬಾಗಿಲು ತೆಗೆಯೋಕೆ, ಅಂಗಡಿಯವನ ಹತ್ತಿರ ಚೌಕಾಸಿಗೆಲ್ಲ ಸಣ್ಣ ದಾಳ. ಯಾರದ್ದಾದರೂ ಪಾತ್ರ ಸಾಯುವ ಹೊತ್ತು ಬಂದರೆ ಅವನು ಏನೂ ಹೇಳದೆ ಚನ್ನಪಟ್ಟಣದ ಡಬ್ಬಿಯ ಮುಚ್ಚಳ ತೆಗೆಯುತ್ತಾನೆ. ಚಹಾ ಲೋಟ ಎಲ್ಲ ಪಕ್ಕಕ್ಕೆ ಹೋಗುತ್ತದೆ. ಯಾರೋ ಜಮಖಾನ ಸರಿಮಾಡುತ್ತಾರೆ.

ಕಳೆದ ತಿಂಗಳು ಹಾಗೆ ತೆಗೆದಾಗ ಅಮ್ಮನೂ ಅಡುಗೆಮನೆ ಬಾಗಿಲಿಗೆ ಬಂದು ನಿಂತಿದ್ದರು. ನನ್ನ ಪಾತ್ರಕ್ಕೆ 8 ಅಥವಾ ಅದಕ್ಕಿಂತ ಜಾಸ್ತಿ ಬೇಕಿತ್ತು. ಎಸೆದೆ. 7.

‘ಆ ಗುಳ್ಳೆದೇ ಕೆಲಸ’ ಅಂದರು ಅಮ್ಮ, ಮತ್ತೆ ಒಳಗೆ ಹೋದರು.